ಗಂಟೆಗೆ ಹನ್ನೊಂದು ಜನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

‘ಪ್ರೀತಿಯ’ ಎಂದದ್ದು ಬರೀ ರೂಢಿಯಿಂದ, ಹಿಗ್ಗಬೇಡ. ನೀನು ಕಳಿಸಿದ ಹೇಳಿಕೆ ತಲುಪಿತು. ಅಪ್ಪ ದಾಟಬಾರದ ಜಾಗದಲ್ಲಿ ಹೆದ್ದಾರಿ ದಾಟಿದರು, ತಪ್ಪು ಅವರದೇ ಎಂದು ಟೈಪು ಮಾಡಿಸಿ, ನಾನು ಸಹಿ ಹಾಕಬೇಕಾದಲ್ಲಿ ಪೆನ್ಸಿಲ್ಲಿನಿಂದ ಗುರುತು ಬೇರೆ ಮಾಡಿದ್ದೀಯ. ಸಹಿ ಹಾಕಿದರೆ ಶುಕ್ರವಾರದ ವಿಚಾರಣೆ ಬೇಗ ಮುಗಿಯುತ್ತದೆ, ನಿನ್ನ ರಸ್ತೆ ಇಲಾಖೆಗೂ ನೆಮ್ಮದಿಯಂತೆ. ನೆಮ್ಮದಿ! ಅಪ್ಪ ಆ ಕಾರಿಗೆ ಸಿಕ್ಕು ಸತ್ತು ಇನ್ನೂ ತಿಂಗಳಾಗಿಲ್ಲ ಕಣಣ್ಣಾ.

ದಾಟಬೇಕಾದ ಜಾಗ ಯಾವುದು, ನೀನೇ ಹೇಳು. ನಮ್ಮ ಬಾಗಿಲಲ್ಲಿ ನಿಂತರೆ ಅಪ್ಪನ ಹೊಲಿಗೆ ಅಂಗಡಿ ಹೆದ್ದಾರಿಯಾಚೆ ಎದುರಿಗೇ ಕಾಣುತ್ತದೆ, ನಲವತ್ತು ಹೆಜ್ಜೆ. ನಿಮ್ಮ ಪಾದಚಾರಿ ಸೇತುವೆ ಇರುವುದು ಎರಡು ಕಿಲೋಮೀಟರ್ ಆಚೆ. ಹೋಗಿ, ಹತ್ತಿ, ಇಳಿದು, ಆ ಬದಿಯಲ್ಲಿ ಅಂಗಡಿವರೆಗೆ ವಾಪಸ್ ಬಂದರೆ ನಾಲ್ಕು. ಮಂಡಿ ಸವೆದ ಎಪ್ಪತ್ತೊಂದರ ಮುದುಕ ಒಂದು ಗುಂಡಿ ಹೊಲಿಯಲು ಅಷ್ಟು ದೂರ ನಡೆಯಬೇಕಿತ್ತೇನು?

ನಿನ್ನ ಊರನ್ನೂ ನೋಡಿದ್ದೇನೆ. ಅಲ್ಲಿ ನೂರು ಹೆಜ್ಜೆಗೊಂದು ಸಿಗ್ನಲ್. ಸಿಗ್ನಲ್ ಇಲ್ಲದ ಕಡೆಯೂ ಜನ ಗುಂಪಾಗಿ ನುಗ್ಗುತ್ತಾರೆ, ಕಾರುಗಳು ತೆಪ್ಪಗೆ ನಿಲ್ಲುತ್ತವೆ. ಇಲ್ಲಿ ಮನೆಗಳು ದೂರ ದೂರ, ದಾಟುವುದು ಒಬ್ಬೊಬ್ಬರೇ. ಒಬ್ಬನಿಗಾಗಿ ಯಾರು ಬ್ರೇಕ್ ಹಾಕುತ್ತಾರೆ? ನೂರು ಜನ ಮಾಡಿದರೆ ಹಕ್ಕು, ಒಬ್ಬ ಮಾಡಿದರೆ ತಪ್ಪು. ಹೋದ ಸಲ ನಿನ್ನ ಮನೆಗೆ ಬಂದಾಗ ಅಪ್ಪ ನಡುರಸ್ತೆಯಲ್ಲಿ ನಿಂತು ಕನ್ನಡಕ ಒರೆಸಿಕೊಂಡರು, ಯಾರೂ ತುಟಿಪಿಟಕ್ ಅನ್ನಲಿಲ್ಲ.

ಎರಡು ವರ್ಷದ ಹಿಂದೆ ಇಲ್ಲೊಂದು ಸಿಗ್ನಲ್ ಬೇಕೆಂದು ಇಡೀ ಬೀದಿ ಅರ್ಜಿ ಕೊಟ್ಟಾಗ ಜನರನ್ನು ಎಣಿಸಲು ಬಂದವನು ನೀನೇ. ಕುರ್ಚಿ ಹಾಕಿಕೊಂಡು, ದಾಟಿದವರಿಗೊಂದರಂತೆ ಕೈಯಲ್ಲಿನ ಎಣಿಕೆ ಯಂತ್ರದ ಗುಂಡಿ ಒತ್ತುತ್ತಾ ಸಂಜೆವರೆಗೆ ಕೂತೆ. ಗಂಟೆಗೆ ಹನ್ನೊಂದು ಜನ, ನಿಯಮದ ಪ್ರಕಾರ ನೂರು ಬೇಕು, ಆದ್ದರಿಂದ ಅಗತ್ಯವಿಲ್ಲ ಎಂದು ಬರೆದೆ. ಹೆದರಿ ಮನೆಯಲ್ಲೇ ಉಳಿದವರು ಎಷ್ಟು ಜನ ಎಂದು ಕೇಳಲಿಲ್ಲ. ಅಪ್ಪ ನಿನಗೆ ಚಹಾ ತಂದುಕೊಡಲು ದಾಟಿದರೆ, ‘ಅದು ನನಗಾಗಿ ಬಂದದ್ದು, ಲೆಕ್ಕಕ್ಕಿಲ್ಲ’ ಎಂದೆಯಂತೆ. ಮಗ ಎಷ್ಟು ಪ್ರಾಮಾಣಿಕ ನೋಡಿ ಎಂದು ಆ ಪುಣ್ಯಾತ್ಮ ಬೀದಿಯಿಡೀ ಹೇಳಿಕೊಂಡು ಬಂದರು.

ನಾನು ಸಹಿ ಹಾಕುವುದಿಲ್ಲ. ತಪ್ಪು ಅಪ್ಪನದೆಂದು ನನ್ನ ಕೈಯಿಂದ ಬರೆಸಲು ನಿನ್ನಿಂದಾಗದು. ವಿಚಾರಣೆಯಲ್ಲಿ ನಿನ್ನ ವರದಿಯನ್ನೇ ಮುಂದಿಡುತ್ತೇನೆ. ಮುಖ ತೋರಿಸುವ ಧೈರ್ಯವಿದ್ದರೆ ಬಾ.

ನಿನ್ನ ತಂಗಿ

ತಾ.ಕ.: ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಎಣಿಕೆಯ ಹಿಂದಿನ ದಿನ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ದಿನವಿಡೀ ಆಚೆ ಈಚೆ ಓಡಾಡಿ ನೂರರ ಲೆಕ್ಕ ತುಂಬಿಸೋಣ ಎಂದುಕೊಂಡಿದ್ದರು. ಬೇಡ, ಗೊತ್ತಾದರೆ ನಮ್ಮಣ್ಣನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಕೈಮುಗಿದು ತಡೆದವಳು ನಾನು. ಶುಕ್ರವಾರ ಅದನ್ನೂ ಹೇಳುತ್ತೇನೆ.