ಕುರ್ಚಿಯವನಿಗೆ ಇನ್ನೂರು

ಲಕ್ಷ್ಮೇಶ್ವರ,
ಬಜಾರ ಓಣಿ, ಭಾಂಡೆ ಅಂಗಡಿ
18 ನವೆಂಬರ್ 2024, ಸೋಮವಾರ

ಪ್ರೀತಿಯ ಮಗ ಮಹಾದೇವನಿಗೆ, ನಿನ್ನ ಅವ್ವ ಕುಳಿತಲ್ಲಿಂದಲೇ ಮಾಡುವ ಆಶೀರ್ವಾದ.

ನೀನು, ಶಾಂಭವಿ, ಕೂಸು ಸುಶ್ಮಿತಾ ಮೂವರೂ ಆರಾಮವಾಗಿದ್ದೀರೆಂದು ತಿಳಿದಿದ್ದೇನೆ. ಶಾಂಭವಿಯ ಸೊಂಟನೋವು ಹೇಗಿದೆ? ಬಗ್ಗಿ ಕಸ ಹೊಡೆಯಬೇಡ ಎಂದು ಸೊಸೆಗೆ ಹೇಳಿಯೇ ಬಂದಿದ್ದೆ, ಕೇಳಿದಳೋ ಇಲ್ಲವೋ. ಸುಶ್ಮಿತಾಳ ಅಲುಗಾಡುತ್ತಿದ್ದ ಮುಂದಿನ ಹಲ್ಲು ಬಿತ್ತೇ? ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯಬೇಕು. ನಿಮ್ಮ ಪುಣೆಯಲ್ಲಿ ಸಗಣಿ ಎಲ್ಲಿಂದ ತರುತ್ತೀರಿ, ಮಾಳಿಗೆ ಎಲ್ಲಿ ಹುಡುಕುತ್ತೀರಿ, ಹೋಗಲಿ, ನನಗಾಗಿ ಒಂದು ಕಾಗದದಲ್ಲಿ ಸುತ್ತಿಡಿ. ಅವ್ವ ಫೋನು ಬಿಟ್ಟು ಪತ್ರ ಯಾಕೆ ಬರೆದಳು ಎಂದು ನಿನಗೆ ಅನಿಸಿರಬೇಕು. ಫೋನಿನಲ್ಲಿ ನೀನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿ ನನ್ನ ಸಿಟ್ಟನ್ನು ಎಳೆದು ಆಚೆಗಿಡುತ್ತೀ. ಈ ಸಲ ಸಿಟ್ಟು ನನ್ನ ಹತ್ತಿರವೇ ಇರಲಿ. ನೀನು ಪೂರ್ತಿ ಓದು.

ಹೋದ ತಿಂಗಳು ನಿನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ವಿಮಾನದಲ್ಲಿ ಬಾ ಎಂದೆಯಲ್ಲ, ಅಲ್ಲಿಂದ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಫೋನಿನಲ್ಲಿ ನೀನು ಒಂದೊಂದಾಗಿ ಹೇಳಿದೆ, ನಾನು ರಸೀದಿ ಪುಸ್ತಕದ ಹಿಂಬದಿಗೆ ಬರೆದುಕೊಂಡೆ. ಆ ಹಾಳೆ ಈಗಲೂ ನನ್ನ ಮುಂದಿದೆ. ‘ಸಾಮಾನಿನ ಗಾಡಿಯವನಿಗೆ ಐವತ್ತು. ಕೌಂಟರಿನ ಹುಡುಗಿಗೆ ಏನೂ ಇಲ್ಲ. ಕುರ್ಚಿಯವನಿಗೆ ಇನ್ನೂರು.’ ಎರಡನೆಯದನ್ನು ನೀನು ಒತ್ತಿ ಒತ್ತಿ ಹೇಳಿದ್ದೆ: “ಅವ್ವಾ, ಅಪ್ಪಿತಪ್ಪಿ ಆ ಹುಡುಗಿ ಕೈಯಾಗ ರೊಕ್ಕ ಇಟ್ಟೀ, ಅಕೀ ನೌಕರಿಗೆ ಕುತ್ತು ಬರತೈತಿ.” ಮೂರನೆಯದು ನನಗೆ ತಿಳಿಯಲಿಲ್ಲ. ಮದುವೆ ಮನೆಗೆ ಬಾಡಿಗೆ ಕುರ್ಚಿ ತರಿಸುವ ಹಾಗೆ ವಿಮಾನ ನಿಲ್ದಾಣದಲ್ಲಿಯೂ ಕುಳಿತುಕೊಳ್ಳಲು ಬಾಡಿಗೆ ಇರಬೇಕು ಎಂದುಕೊಂಡೆ. ಇನ್ನೂರು ಹೆಚ್ಚಾಯಿತು, ನಿಂತೇ ಇದ್ದರಾಯಿತು ಎಂದು ಮನಸ್ಸಿನಲ್ಲಿಯೇ ತೀರ್ಮಾನ ಮಾಡಿದ್ದೆ, ನೋಡು ನಿನ್ನ ಅವ್ವನ ಜಾಣತನ. ಆದರೆ ಆ ರಾತ್ರಿ ನಿನ್ನ ಅಪ್ಪನ ಫೋಟೋದ ಮುಂದೆ ನಿಂತು, ಮಗ ನನಗಾಗಿ ಎಷ್ಟು ವಿಚಾರ ಮಾಡುತ್ತಾನೆ ನೋಡಿರಿ ಎಂದು ಹೇಳಿಕೊಂಡಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮ ಖಾಸಿಂಸಾಬನ ಕಾರಿನಲ್ಲಿ ಹೋಗಿ ವಿಮಾನ ನಿಲ್ದಾಣದಲ್ಲಿ ಇಳಿದೆ. ಸಾಮಾನಿನ ಗಾಡಿಯವನಿಗೆ ಐವತ್ತು ಕೊಟ್ಟೆ. ಕೌಂಟರಿನಲ್ಲಿ ನಿನಗೆಂದು ತಂದ ದೀಪ ಹಚ್ಚುವ ಹಿತ್ತಾಳೆ ಸಮೆ, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲ ಸೇರಿ ಎರಡು ಕಿಲೋ ಹೆಚ್ಚು ತೂಗಿತು. ಆ ಹುಡುಗಿ ಸಿಡುಕಲಿಲ್ಲ, ಚಟ್ನಿ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಳ್ಳಲು ಹೇಳಿ ತೂಕ ಸರಿ ಮಾಡಿಸಿದಳು. ನನಗೆ ತಡೆಯಲಾಗಲಿಲ್ಲ. ರೊಕ್ಕ ಬೇಡ ಎಂದಿದ್ದೀ, ತಿನ್ನುವುದಕ್ಕೆ ಏನಡ್ಡಿ ಎಂದು ಎರಡು ಶೇಂಗಾ ಹೋಳಿಗೆ ಮುಂದೆ ಇಟ್ಟೆ. “ಬ್ಯಾಡ್ರಿ ಅಜ್ಜಿ, ನಮಗ ತೊಗೊಳ್ಳಾಕ ಬರಂಗಿಲ್ರಿ, ಮ್ಯಾಲೆ ಕ್ಯಾಮೆರಾ ಐತ್ರಿ” ಎಂದು ಕೈಮುಗಿದಳು. ಅಷ್ಟು ಸಣ್ಣ ಹುಡುಗಿಗೆ ಯಾವುದು ತೆಗೆದುಕೊಳ್ಳಬೇಕು, ಯಾವುದು ಬಾರದು ಎಂಬುದು ಗೊತ್ತಿತ್ತು.

ಆಗಲೇ ಒಬ್ಬ ಗಾಲಿ ಕುರ್ಚಿ ತಳ್ಳಿಕೊಂಡು ಬಂದು ನನ್ನ ಹೆಸರು ಕೂಗಿದ. ಶಿರಹಟ್ಟಿ ಕಡೆಯವನು, ಫಕೀರೇಶ ಎಂದು ಹೆಸರು. ಅಲ್ಲಿಯ ಮಠದ ಅಜ್ಜನ ಹೆಸರಿಟ್ಟುಕೊಂಡವನು ಎಂದು ನನಗೆ ಅಲ್ಲಿಯೇ ವಿಶ್ವಾಸ ಬಂತು. “ನಾ ಯಾಕ ಕುಂಡ್ರಲಿ ತಮ್ಮಾ, ನನ್ನ ಕಾಲ ಗಟ್ಟಿ ಅದಾವ” ಎಂದೆ. “ನಡಿಯಾಕ ಬರಂಗಿಲ್ಲ ಅಂತ ನಿಮ್ಮ ಹೆಸರ ಮುಂದ ಬರಸ್ಯಾರ್ರಿ ಅವ್ವಾರ. ನೀವು ಕುಂಡ್ರಲಿಲ್ಲಂದ್ರ ನನಗ ಬೈತಾರ” ಎಂದ. ಅವನು ಬೈಸಿಕೊಳ್ಳಬಾರದೆಂದು ಕುಳಿತೆ. ಮಂದಿಯ ಸಾಲೆಲ್ಲ ಬಿಟ್ಟು ಮುಂದೆ ಮುಂದೆ ಕರೆದೊಯ್ದ. ಬಾಗಿಲ ಹತ್ತಿರ ಕಾಲಿಗೆ ಪ್ಲಾಸ್ಟರು ಹಾಕಿದ ಮುದುಕರೊಬ್ಬರು ಕುರ್ಚಿಗಾಗಿ ಕಾಯುತ್ತ ಗೋಡೆಗೆ ಒರಗಿ ನಿಂತಿದ್ದರು. ಅವರು ನನ್ನ ಪಾದ ನೋಡಿದರು. ನಾನು ಸೀರೆಯ ನೆರಿಗೆ ಎಳೆದು ಮುಚ್ಚಿಕೊಂಡೆ. ಎಪ್ಪತ್ತು ವರ್ಷದಲ್ಲಿ ನನ್ನ ಕಾಲುಗಳು ಸುಳ್ಳು ಹೇಳಿದ್ದು ಅದೇ ಮೊದಲು.

ಒಳಗೆ ಹೋದ ಮೇಲೆ ಫಕೀರೇಶ ತನ್ನ ಫೋನಿನಲ್ಲಿ ಫೋಟೋ ತೆಗೆದ. ಎರಡು ಸಲ ನಾನು ಸೆರಗು ಸರಿ ಮಾಡಿಕೊಂಡು ನಕ್ಕೆ. ಮೂರನೆಯ ಸಲ ಚಪ್ಪಲಿಯ ಪಟ್ಟಿ ಬಿಚ್ಚಿತ್ತು, ಬಗ್ಗಿ ಹಾಕಿಕೊಳ್ಳುತ್ತಿದ್ದೆ. ಆಗಲೂ ತೆಗೆದ. ಕೆಲಸ ಮುಗಿಯಿತೆಂದು ಇನ್ನೂರು ರೂಪಾಯಿ ಕೊಡಲು ಹೋದರೆ ಕೈ ಹಿಂದಕ್ಕೆ ತೆಗೆದುಕೊಂಡ. “ಬ್ಯಾಡ್ರಿ, ನಿಮ್ಮ ಮಗ ಮುಂಜಾನೇನ ಕೊಟ್ಟಾರ್ರಿ. ಅವ್ವಾರನ್ನ ಕುಂಡ್ರಿಸಿ ಫೋಟೋ ಕಳಸು ಅಂತ ಹೇಳ್ಯಾರ್ರಿ.” ನಾನು ಗಾಡಿಗೆ ಸಾಮಾನು ಹಾಕಿಸುತ್ತಿದ್ದಾಗ ಬಾಗಿಲ ಹತ್ತಿರ ಖಾಸಿಂಸಾಬನ ಫೋನಿನಲ್ಲಿ ನೀನು ಫಕೀರೇಶನ ಜೊತೆ ಮಾತಾಡಿ, ಅಲ್ಲಿಂದಲೇ ರೊಕ್ಕ ಹಾಕಿದ್ದೆಯಂತೆ. ಎರಡು ಸಲ ತೆಗೆದುಕೊಳ್ಳಲು ಅವನ ಮನಸ್ಸು ಒಪ್ಪಲಿಲ್ಲ. ಹುಡುಗಿ ಬೇಡವೆಂದ ಎರಡು ಹೋಳಿಗೆ ಅವನಿಗೆ ಕೊಟ್ಟೆ. ಮಗನಿಗೆ ನನ್ನ ಮುಖ ನೋಡುವ ಆತುರ, ಪುಣೆ ಮುಟ್ಟುವ ತನಕವೂ ತಾಳಲಾರ ಎಂದುಕೊಂಡು ಕಣ್ಣು ಒರೆಸಿಕೊಂಡೆ. ಹುಚ್ಚಿ ನಾನು.

ಪುಣೆಯಲ್ಲಿ ನನ್ನ ಕಾಲ ಮೇಲೆಯೇ ನಡೆದು ಹೊರಗೆ ಬಂದೆ. ನೀನು ನೋಡಿದೆ. ಲಿಫ್ಟು ಕೆಟ್ಟ ದಿನ ನಾನು ನಾಲ್ಕು ಮಹಡಿ ಹತ್ತಿದೆ, ಅಂದು ನೀನೇ ಮೂರನೆಯ ಮಹಡಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದೆ. ಅದನ್ನೂ ನೀನು ನೋಡಿದೆ. ಇದನ್ನೆಲ್ಲ ಯಾಕೆ ಬರೆಯುತ್ತೇನೆಂದರೆ, ನಿನಗೆ ಗೊತ್ತಿರಲಿಲ್ಲ ಎಂದು ನೀನು ಹೇಳುವ ಹಾಗಿಲ್ಲ.

ನಿನ್ನೆ ಮುಂಡರಗಿಯಿಂದ ನಿನ್ನ ಸೋದರಮಾವ ಚನ್ನಬಸವಣ್ಣ ಬಂದ. ಬಸ್ಸಿಳಿದು ನೇರ ನಮ್ಮ ಪಾತ್ರೆ ಅಂಗಡಿಗೆ. ನಾನು ಏಣಿಯ ತುದಿಯಲ್ಲಿ ನಿಂತು ಒಂದು ಮದುವೆಯವರಿಗೆ ಅಟ್ಟದಿಂದ ತಾಮ್ರದ ಹಂಡೆ ಇಳಿಸುತ್ತಿದ್ದೆ. ಕೆಳಗೆ ನೋಡಿದರೆ ನನ್ನ ತಮ್ಮ ಕೈಯಲ್ಲಿ ನೋವಿನ ಎಣ್ಣೆಯ ಬಾಟಲಿ ಹಿಡಿದು ಬಾಯಿ ತೆರೆದು ನಿಂತಿದ್ದಾನೆ. “ಅಕ್ಕಾ, ನಿನ್ನ ಕಾಲ ಹೋಗ್ಯಾವ ಅಂದ್ರು, ನೀ ನಿಚ್ಚಣಕಿ ಮ್ಯಾಲ ಅದೀಯಲ್ಲ!” ನನಗೆ ನಗು ಬಂತು. ಅವನಿಗೆ ಅಳು ಬಂತು. ಆಮೇಲೆ ಫೋನು ತೆಗೆದು ನೀನು ಕಳಿಸಿದ ಫೋಟೋ ತೋರಿಸಿದ. ಗಾಲಿ ಕುರ್ಚಿ, ತಲೆ ಕೆಳಗೆ ಹಾಕಿ ಮುದುಡಿ ಕುಳಿತ ಮುದುಕಿ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದ ಫೋಟೋ. ಅದರ ಕೆಳಗೆ ನಿನ್ನ ಮಾತು: “ಮಾಮಾ, ಅವ್ವನ ಪರಿಸ್ಥಿತಿ ನೋಡು. ಅಂಗಡಿ ಅಕೀ ಕೈಲೆ ಇನ್ನ ಆಗಂಗಿಲ್ಲ. ನೀ ಹೇಳಿದ್ರ ಸಹಿ ಮಾಡ್ತಾಳ.” ಎಣ್ಣೆಯ ಚೀಲದಲ್ಲಿಯೇ ನೀನು ಕಳಿಸಿದ ಮುಖತ್ಯಾರ ಪತ್ರವೂ ಇತ್ತು. ನಾನು ಸಹಿ ಮಾಡಿದರೆ ನನ್ನ ಪರವಾಗಿ ನೀನು ಅಂಗಡಿಯನ್ನು, ಅದರ ಮೇಲೆ ಕಣ್ಣಿಟ್ಟಿರುವ ಆ ಮೊಬೈಲ್ ಶೋರೂಮಿನವರಿಗೆ ಮಾರಬಹುದು.

ಮಹಾದೇವಾ, ಆ ನಗುವ ಎರಡು ಫೋಟೋ ಎಲ್ಲಿ ಹೋದವು?

ಅಂಗಡಿ ಮಾರಬೇಕೆಂದು ನೀನು ಮೂರು ವರ್ಷದಿಂದ ಕೇಳುತ್ತಿದ್ದೀ, ನಾನು ಇಲ್ಲ ಎನ್ನುತ್ತಿದ್ದೇನೆ. ಅದಕ್ಕೆ ನನಗೆ ಬೇಸರವಿಲ್ಲ. ಮಗ ಕೇಳದೆ ಇನ್ನಾರು ಕೇಳಬೇಕು? ಎದುರಿಗೆ ಕುಳಿತು ಜಗಳಾಡಿದ್ದರೆ ನಾನೂ ಜಗಳಾಡಿ, ಸಂಜೆಗೆ ರೊಟ್ಟಿ ಬಡಿದು ಹಾಕುತ್ತಿದ್ದೆ. ಆದರೆ ನೀನು ಕೂಸನ್ನು ಚಿವುಟಿ ತೊಟ್ಟಿಲು ತೂಗಿದೆ. ನನ್ನ ಮೇಲಿನ ಕಾಳಜಿಯ ಹೆಸರಿನಲ್ಲಿ ನನ್ನನ್ನು ಕುಂಟಿಯಾಗಿಸಿದೆ, ನನ್ನ ತಮ್ಮನ ಅಂತಃಕರಣವನ್ನೂ ಬಳಸಿಕೊಂಡೆ. ನನಗೆ ಮೋಸವಾಗಿದೆ. ಹೊರಗಿನವರು ಮಾಡಿದ್ದರೆ ಬಜಾರಿನಲ್ಲಿ ನಿಂತು ಬೈಯುತ್ತಿದ್ದೆ. ನೀನು ಮಾಡಿದ್ದಕ್ಕೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಅಜ್ಜ, ಮುತ್ಯಾ ಪುಂಡಲೀಕಪ್ಪನವರು, ಅಂಗಡಿಯ ಹಮಾಲರಿಗೆ ಯಾವತ್ತೂ ಮೊದಲು ಕೊಡುತ್ತಿರಲಿಲ್ಲ. “ಕೆಲಸ ಆದ ಮ್ಯಾಲ ಕೊಟ್ರ ಅದು ಖುಷಿ, ಮೊದಲ ಕೊಟ್ರ ಅದು ಲಂಚ” ಎನ್ನುತ್ತಿದ್ದರು. ನೀನು ಅವರ ತೊಡೆಯ ಮೇಲೆ ಕುಳಿತು ಕೇಳಿದ ಮಾತು. ಫಕೀರೇಶನನ್ನು ನಾನು ಬೈಯುವುದಿಲ್ಲ. ಮಗನೊಬ್ಬ ತಾಯಿಯ ಫೋಟೋ ಕೇಳಿದರೆ ಅದರಲ್ಲಿ ಏನು ಅಡಗಿರುತ್ತದೆಂದು ಅವನಿಗೆ ಹೇಗೆ ಹೊಳೆಯಬೇಕು? ತಾಯಿಗೇ ಹೊಳೆಯಲಿಲ್ಲ.

ಇರಲಿ. ಮಾವ ಇಂದು ಮುಂಜಾನೆ ಊರಿಗೆ ಹೋದ, ಎಣ್ಣೆಯನ್ನು ಇಲ್ಲಿಯೇ ಬಿಟ್ಟು ಹೋಗಿದ್ದಾನೆ. ಅದನ್ನು ಶಾಂಭವಿಯ ಸೊಂಟಕ್ಕೆ ಕಳಿಸುತ್ತೇನೆ, ಬೆಚ್ಚಗೆ ಮಾಡಿ ತಿಕ್ಕಲಿ. ಸುಶ್ಮಿತಾಳಿಗೆ ಅಜ್ಜಿಯ ಮುದ್ದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಮಾತು ಬರೆಯದೆ ಕೈ ನಿಲ್ಲುವುದಿಲ್ಲ.

ನಿನ್ನ ಅವ್ವ,
ಶೇಖವ್ವ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ನಡೆದೇ ಹೋಗಬೇಕು. ಲಕೋಟೆಯಲ್ಲಿ ನಿನ್ನ ಮುಖತ್ಯಾರ ಪತ್ರ ಇದೆ, ಸಹಿ ಇಲ್ಲ. ಅದರೊಳಗೆ ಇನ್ನೂರು ರೂಪಾಯಿ ಇಟ್ಟಿದ್ದೇನೆ, ಬೀಳಿಸಬೇಡ. ಕುರ್ಚಿಯವನಿಗೆಂದು ನೀನೇ ಬರೆಸಿದ್ದು, ಫಕೀರೇಶ ತೆಗೆದುಕೊಳ್ಳಲಿಲ್ಲ. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವನು ನೀನು, ಆದ್ದರಿಂದ ಅದು ನಿನಗೇ ಸೇರಬೇಕು. ಕೆಲಸ ಮುಗಿದ ಮೇಲೆಯೇ ಕೊಡುತ್ತಿದ್ದೇನೆ.