ಆ ಡಬ್ಬದಲ್ಲಿ ಏನಿದೆ ಎಂದು ಕೇಳಿದ್ದೆ

ಮಾನ್ಯ ಆಹಾರ ತನಿಖಾಧಿಕಾರಿಗಳೇ,

ನಾನು ತಮ್ಮನ್ನು ಕೇಳಿದ್ದು ಒಂದು, ತಾವು ಉತ್ತರಿಸಿದ್ದು ಇನ್ನೊಂದು. ಬಸ್ಸು ಬದಲಾಯಿಸುವ ಕೂಡುರಸ್ತೆಯ ತಿಂಡಿ ಅಂಗಡಿಯಲ್ಲಿ ಆಲೂಗೆಡ್ಡೆ ಕಡ್ಡಿ ಕರಿಯುತ್ತಾರಲ್ಲ, ಆ ಬಾಣಲೆಗೆ ಸುರಿಯುವ ಜಿಡ್ಡಿನ ಡಬ್ಬದಲ್ಲಿ ಏನಿದೆ ಎಂದು ಮೂರು ಅರ್ಜಿ ಬರೆದೆ. ಮೂರನೆಯದಕ್ಕೆ ಒಂದೂವರೆ ಸಾಲಿನ ಉತ್ತರ ಬಂತು: "ಮಾದರಿಯನ್ನು ಪರೀಕ್ಷಿಸಲಾಗಿ, ಸದರಿ ಪದಾರ್ಥವು ಮನುಷ್ಯರ ಸೇವನೆಗೆ ಯೋಗ್ಯವಾಗಿರುತ್ತದೆ." ಸ್ವಾಮೀ, ಯೋಗ್ಯವೇ ಎಂದು ಕೇಳಿದವರು ಯಾರು? ಅದನ್ನು ತಿಂದ ನನ್ನ ತಾಯಿ ಬದುಕಿದ್ದಾರೆ, ಅಷ್ಟು ನನಗೇ ಗೊತ್ತಿದೆ. ಅದು ಏನು ಎಂದು ಕೇಳಿದ್ದೆ. ಕಚೇರಿಗೆ ಉತ್ತರ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳಲು ಮನಸ್ಸಿಲ್ಲವೋ ತಿಳಿಯದೆ ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ಚುಂಚನಕಟ್ಟೆ ರಸ್ತೆಯಲ್ಲಿ ಎತ್ತಿನ ಗಾಣ ನಡೆಸುವವನು. ಹುಚ್ಚೆಳ್ಳು, ಎಳ್ಳು, ಹರಳು, ಹೊಂಗೆ, ಯಾವ ಎಣ್ಣೆಯಾದರೂ ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ ಮೂಸಿದರೆ ಹೆಸರು ಹೇಳುತ್ತೇನೆ. ಸುತ್ತಿನ ಹಳ್ಳಿಯವರು ಬೇರೆ ಕಡೆ ಕೊಂಡ ಎಣ್ಣೆಯನ್ನೂ ನನ್ನ ಕೈಗೆ ಹಾಕಿ ಕೇಳಿಕೊಂಡು ಹೋಗುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಜಂಬ ಇಳಿದ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಕಳೆದ ಕಾರ್ತೀಕದ ಕಡೆಯ ಸೋಮವಾರ ತಾಯಿ ಶಿವರುದ್ರಮ್ಮನವರನ್ನು ಕರೆದುಕೊಂಡು ಪಿರಿಯಾಪಟ್ಟಣಕ್ಕೆ ಹೊರಟಿದ್ದೆ. ಅವರಿಗೆ ಎಪ್ಪತ್ತು ದಾಟಿದೆ. ಕಾರ್ತೀಕ ಸೋಮವಾರಗಳಲ್ಲಿ ಲಿಂಗಪೂಜೆ ಮುಗಿಸಿ ಹಣ್ಣು, ಹಾಲು, ಬೇಯಿಸಿದ ಗೆಡ್ಡೆ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಕಾಳುಕಡ್ಡಿ, ಹಿಟ್ಟು ಏನೂ ಆಗದು. ಕೂಡುರಸ್ತೆಯಲ್ಲಿ ಹುಣಸೂರಿನ ಬಸ್ಸು ಎರಡು ಗಂಟೆ ತಡ. ಮುದುಕಿಯ ಮುಖ ಬಾಡಿತ್ತು. ಎದುರಿನ ಅಂಗಡಿಯಲ್ಲಿ ಗೆಡ್ಡೆಯನ್ನು ಬೆರಳಷ್ಟುದ್ದ ಸೀಳಿ ಕರಿದು, ಉಪ್ಪು ಉದುರಿಸಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ನಾನೇ ಹೋಗಿ ತಂದೆ. ಅವರು ಕೈಯಲ್ಲಿ ಹಿಡಿದು, "ಏನೇನು ಹಾಕವ್ರಪ್ಪಾ ಇದ್ಕೆ?" ಎಂದರು. ನಾನು ಅಂಗಡಿಯವನನ್ನು ಕೇಳಲಿಲ್ಲ, ಅಂಗೈ ಉಜ್ಜಿ ಮೂಸಲೂ ಇಲ್ಲ. "ಗೆಡ್ಡೆ, ಉಪ್ಪು, ಎಣ್ಣೆ, ಅಷ್ಟೇ ಕಣವ್ವ, ತಿನ್ನು," ಎಂದೆ. ಗಾಣದವನ ಮಾತು, ಮೇಲಾಗಿ ಮಗನ ಮಾತು. ಅವರು ತಿಂದರು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಚಲುವಯ್ಯ ಎಂಬಾತ ಹಿಂದೆ ಕೊಡಗಿನ ಕಾಫಿ ತೋಟದಲ್ಲಿ ಕೆಲಸ ಮಾಡಿದ್ದವನು. ತಾಯಿಯ ಕೈಯಲ್ಲಿದ್ದ ಪೊಟ್ಟಣ ನೋಡಿ ನಕ್ಕ. "ಅಯ್ಯೋ ಅವ್ವಾ, ಇದು ಬಿಳೀ ದೊರೆಗಳ ಕ್ಲಬ್ಬಿನ ತಿಂಡಿ ಕಣವ್ವ! ಅಲ್ಲಿ ಇದ್ನ ಪ್ರಾಣಿ ಕೊಬ್ಬಲ್ಲೇ ಕರೀತಿದ್ದುದು. ಆ ಅಂಗ್ಡಿ ಅಡುಗೆಯೋನೂ ಅಲ್ಲೇ ಕಲ್ತು ಬಂದೋನು." ತಾಯಿ ಪೊಟ್ಟಣ ಮಡಿಚಿ, ನನ್ನ ಕಡೆ ತಿರುಗಿ, "ನೀನು ಎಣ್ಣೆ ಗೊತ್ತಿರೋನಲ್ವೇನಪ್ಪಾ?" ಎಂದು ಮಾತ್ರ ಕೇಳಿದರು.

ಮಾರನೆಯ ವಾರ ಆ ಅಂಗಡಿಯ ಹಿಂಬಾಗಿಲಿಗೆ ಹೋದೆ. ಅಡುಗೆಯ ಮಹದೇವಯ್ಯ ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಗೆಡ್ಡೆ ಕಪ್ಪಾಗದಿರಲೆಂದು ಒಂದು ಬಿಳಿ ಪುಡಿಯ ನೀರಿನಲ್ಲಿ ನೆನೆಹಾಕುತ್ತಾರೆ. ಪುಡಿಗೆ ಹೆಸರಿಲ್ಲ. ಬಣ್ಣ ಬರಲೆಂದು ಸಕ್ಕರೆ ನೀರಿನಲ್ಲಿ ಅದ್ದುತ್ತಾರೆ. ಗರಿಗರಿಯಾಗಲೆಂದು ಅಕ್ಕಿ ಹಿಟ್ಟು ಸವರುತ್ತಾರೆ. ಅಲ್ಲಿಗೆ ತಾಯಿಯ ಉಪವಾಸ ಕೆಟ್ಟಿತು. ಬೆಳಿಗ್ಗೆ ಅರೆಬರೆ ಕರಿದು ಹರವಿಟ್ಟು, ಬಸ್ಸು ಬಂದಾಗ ಮತ್ತೆ ಕರಿಯುತ್ತಾರೆ. ಡಬ್ಬದೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ಜಿಡ್ಡನ್ನು ಬೆರಳಲ್ಲಿ ತೆಗೆದು ಉಜ್ಜಿದೆ, ಮೂಸಿದೆ, ನಾಲಿಗೆಗೂ ಇಟ್ಟೆ. ನನ್ನ ಮೂವತ್ತು ವರ್ಷದ ಕೈ ಏನನ್ನೂ ಹೇಳಲಿಲ್ಲ. ಡಬ್ಬದ ಮೇಲೆ ಒಂದಕ್ಷರವಿಲ್ಲ, ಚೀಟಿ ಕೆರೆದ ಗುರುತು ಮಾತ್ರ ಇತ್ತು. ಒಳ್ಳೆಯ ಹೆಸರನ್ನು ಯಾರಾದರೂ ಕೆರೆದು ತೆಗೆಯುತ್ತಾರೆಯೇ? ಮಹದೇವಯ್ಯನನ್ನು ಕೇಳಿದರೆ, "ನಂಗೂ ಗೊತ್ತಿಲ್ಲ ಕಣ್ರೀ. ಡಬ್ಬ ಬತ್ತದೆ, ಕಾಯಿಸ್ತೀನಿ. ಕೇಳಿದ್ರೆ ನಿಂಗ್ಯಾಕ್ಲಾ ಅಂತಾರೆ," ಎಂದ.

ತಾವು ಮಾದರಿ ತೆಗೆದುಕೊಂಡ ದಿನ ನಾನು ರಸ್ತೆಯಾಚೆ ನಿಂತಿದ್ದೆ. ತಾವು ಬೆಂಚಿನ ಮೇಲೆ ಕೂತಿರಿ. ಬಿಸಿ ಕಡ್ಡಿಗಳು ತಟ್ಟೆಯಲ್ಲಿ ಬಂದವು. ಅರಗಿನ ಮುದ್ರೆ ಬೀಳುವ ಮೊದಲು ಅರ್ಧ ಮಾದರಿ ತಮ್ಮ ಬಾಯಿ ಸೇರಿತು. ಪರೀಕ್ಷೆ ಎಂದರೆ ಅದೇ ಇರಬಹುದೇನೋ, ನನಗೆ ಕಾನೂನು ಗೊತ್ತಿಲ್ಲ. ಡಬ್ಬ ಮಾತ್ರ ಒಳಗೇ ಇತ್ತು, ತಾವು ಎದ್ದು ಒಳಗೆ ಹೋಗಲೇ ಇಲ್ಲ. ಕಲಬೆರಕೆ ತಡೆಯಲು ದಿಲ್ಲಿಯಲ್ಲಿ ಕಾನೂನು ಮಾಡಿ ಮೂರು ವರ್ಷವಾಯಿತಲ್ಲ, ಅದು ನಮ್ಮ ತಾಲ್ಲೂಕಿಗೆ ಬರುವ ಬಸ್ಸೂ ತಡವೇ?

ಇನ್ನೊಬ್ಬರ ಡಬ್ಬ ಬಗ್ಗಿ ನೋಡಲು ಹೊರಟವನು ತನ್ನದನ್ನು ಮುಚ್ಚಿಡಬಾರದು. ಆ ಕಾರ್ತೀಕದಿಂದ, ಅಂದರೆ ನಾಲ್ಕು ತಿಂಗಳಿಂದ, ತಾಯಿ ಎಣ್ಣೆ ಬಿದ್ದ ಯಾವುದನ್ನೂ ಉಣ್ಣುತ್ತಿಲ್ಲ. ರಾಗಿ ಮುದ್ದೆ, ಉಪ್ಪು ಹಾಕಿ ಬೇಯಿಸಿದ ಸೊಪ್ಪು, ಅಷ್ಟೇ. ಒಣಗಿ ಹೋಗಿದ್ದಾರೆ. ಒಂದು ದಿನ ನಾನು ಬೇಸತ್ತು, "ನಮ್ಮ ಗಾಣದ ಎಣ್ಣೆಗೇನವ್ವಾ ಬಂತು?" ಎಂದು ರೇಗಿದೆ.

"ಅದ್ರಲ್ಲಿ ಏನೈತಪ್ಪಾ?"

"ಹುಚ್ಚೆಳ್ಳು."

"ಬರೀ ಹುಚ್ಚೆಳ್ಳೇನಾ?"

ಹುಚ್ಚೆಳ್ಳು ಸಾಲದಾದಾಗಲೆಲ್ಲ ಐದರಲ್ಲಿ ಒಂದು ಪಾಲು ಕಡಲೆಕಾಯಿ ಸೇರಿಸಿ ಆಡಿಸುತ್ತೇನೆ. ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ. "ತಿನ್ನೋಕೆ ಏನೂ ತೊಂದ್ರೆ ಇಲ್ಲ ಕಣವ್ವ," ಎಂದೆ. ಎಂದ ಮೇಲೆ ಗೊತ್ತಾಯಿತು, ತಮ್ಮ ಒಂದೂವರೆ ಸಾಲನ್ನೇ ನಾನೂ ಓದಿ ಹೇಳಿದ್ದೆ. ನಾಚಿಕೆಯಾಯಿತು ಸ್ವಾಮೀ. ತಮಗೂ ಆಗುತ್ತದೆಯೇ?

ಮಾರನೆಯ ಬೆಳಿಗ್ಗೆ ಗಾಣದ ಬಾಗಿಲಿಗೆ ಹಲಗೆ ತೂಗುಹಾಕಿದೆ: "ಹುಚ್ಚೆಳ್ಳು ನಾಲ್ಕು ಪಾಲು, ಕಡಲೆಕಾಯಿ ಒಂದು ಪಾಲು." ಇಪ್ಪತ್ತು ವರ್ಷ ನನ್ನಲ್ಲೇ ಎಣ್ಣೆ ಒಯ್ದ ಚಿಕ್ಕಬೀರಮ್ಮ ಅದನ್ನು ಓದಿಸಿ ಕೇಳಿ, "ಇಷ್ಟ್ ದಿನ ಯಾಕ್ ಹೇಳ್ನಿಲ್ಲ ನೀನು?" ಎಂದು ಖಾಲಿ ಸೀಸೆ ಹಿಡಿದುಕೊಂಡೇ ಹೋದಳು. ಇನ್ನೂ ಬಂದಿಲ್ಲ. ಹಲಗೆಯನ್ನು ನಾನು ಇಳಿಸಿಲ್ಲ.

ಆದ್ದರಿಂದ ಕೇಳುವ ಹಕ್ಕು ನನಗೆ ಈಗ ಬಂದಿದೆ ಎಂದುಕೊಂಡಿದ್ದೇನೆ. ಬಂದು ಆ ಡಬ್ಬವನ್ನೇ ಮುದ್ರೆ ಹಾಕಿ ಒಯ್ಯಿರಿ. ವನಸ್ಪತಿಯಾದರೆ ಗುರುತಿಗೆಂದು ಅದಕ್ಕೆ ಎಳ್ಳೆಣ್ಣೆ ಬೆರೆಸಿರಲೇಬೇಕೆಂಬ ನಿಯಮವಿದೆಯಂತೆ, ತಮ್ಮ ಔಷಧಿ ಹಾಕಿದರೆ ಕೆಂಪಾಗುತ್ತದಂತೆ. ಕೆಂಪಾಯಿತೋ ಇಲ್ಲವೋ ಹೇಳಿ. ಕೆಂಪಾಗದಿದ್ದರೆ ಅದು ಯಾವುದರ ಕೊಬ್ಬು ಎಂದು ಹೇಳಿ. ಬಿಳಿ ಪುಡಿಯ ಹೆಸರು ಹೇಳಿ. ಇವೆಲ್ಲವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಆ ಅಂಗಡಿಯ ಮುಂದೆ ತೂಗುಹಾಕಿಸಿ. ತಿನ್ನುವವರು ತಿನ್ನಲಿ, ನನ್ನದೇನೂ ಅಡ್ಡಿಯಿಲ್ಲ.

ಹಲಗೆಯ ಮೇಲಿನದನ್ನು ತಾಯಿಗೂ ಓದಿ ಹೇಳಿದ್ದೆ. ಎರಡು ಸಲ ಓದಿಸಿಕೊಂಡು, ದೀಪಕ್ಕೆಂದು ಒಂದು ಮಿಳ್ಳೆ ಎಣ್ಣೆ ಕೇಳಿ ತೆಗೆದುಕೊಂಡರು. ಬಾಯಿಗೆ ಯಾವಾಗವ್ವಾ ಎಂದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ತಪ್ಪಾಗಿದ್ರೆ ಗುರುಗಳ ಮುಂದೆ ಹೇಳ್ಕೊಂಡು ಸರಿ ಮಾಡ್ಕೋಬೋದು ಕಣಪ್ಪ. ಏನು ತಿಂದೆ ಅಂತ್ಲೇ ಗೊತ್ತಿಲ್ದಿದ್ರೆ, ಏನಂತ ಹೇಳ್ಕೊಳ್ಲಿ?"

ಇಂತಿ,
ಅಂಗಡಿಯವನನ್ನು ಕೇಳದೆಯೇ ತಾಯಿಗೆ ಉತ್ತರ ಕೊಟ್ಟ ತಪ್ಪಿಗೆ ತಮ್ಮ ಉತ್ತರವನ್ನು ಕಾಯುತ್ತಿರುವ,
ಗಾಣದ ನೀಲಕಂಠಸ್ವಾಮಿ
ಚುಂಚನಕಟ್ಟೆ ರಸ್ತೆ, ಕೃಷ್ಣರಾಜನಗರ ತಾಲ್ಲೂಕು
ಮಾರ್ಚ್ 1957