ನದಿ ಕಾಣುವ ಕೋಣೆ

ಜೂನ್ 8, ಬೆಳಿಗ್ಗೆ

ಮತ್ತೆ ತಣ್ಣೀರು. ಈ ಪ್ರವಾಸಿ ಹಾಸ್ಟೆಲ್‌ನ ಅಷ್ಟೂ ಜನಕ್ಕೆ ಒಂದೇ ಬಚ್ಚಲು, ಕೊನೆಯವಳು ಯಾವಾಗಲೂ ನಾನೇ. ರಾತ್ರಿಯೆಲ್ಲ ಮೇಲಿನ ಹಾಸಿಗೆಯವನ ಗೊರಕೆ. ನಮ್ಮೂರು ಲುಗೋದಲ್ಲಿ ಬಸ್ಸು ಹತ್ತಿಸುವಾಗ ಅಮ್ಮ, “ಲಿಸ್ಬನ್‌ನಲ್ಲಿ ಏನಿದ್ಯೇ ಸಬೆಲಾ, ಬರೀ ದಿಬ್ಬ” ಎಂದಿದ್ದಳು. ನಿಜ. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಕೈಕೊಟ್ಟಿದೆ. ಟ್ರಾಮ್‌ನಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಸಂಜೆ ಗೋಡೆಗಳ ಮೇಲೆ ಬಿಸಿಲು ಬಿದ್ದಾಗ... ಇರಲಿ. ಈಗಲೇ ಹೊಗಳಲಾರೆ.

ಜೂನ್ 9

ಬೆನ್ನಿಗೆ ಚೀಲ ಹಾಕಿ ಬಟ್ಟೆ ಒಗೆಯಲು ಹೊರಟಿದ್ದೆ. ಮೆಟ್ಟಿಲಲ್ಲಿ ಮೇಲಿನ ಮನೆಯ ಮುದುಕಿ ಅಡ್ಡ ಬಂದಳು. ದೋನಾ ಜುಲ್ಮೀರಾ, ಅಂದರೆ ಜುಲ್ಮೀರಾ ಅಮ್ಮನವರು.

“ನಿನ್ನ ಚೀಲಕ್ಕೆ ಚಕ್ರ ಇಲ್ವೇನೇ?”

“ಇಲ್ಲ ಅಜ್ಜಿ.”

“ಬದುಕ್ದೆ! ಬೆಳಗಾದ್ರೆ ಸಾಕು, ಪ್ರವಾಸಿಗರ ಪೆಟ್ಟಿಗೆ ಕಲ್ಲಿನ ಮೇಲೆ ಗಡಗಡಗಡ. ತಲೆ ಚಿಟ್ಟು ಹಿಡಿದುಹೋಗಿದೆ. ಕೂತ್ಕೋ, ಸೂಪ್ ಕುಡಿ. ಒಳಗೆ ಬರಬೇಡ, ನೆಲ ಒರೆಸಿದ್ದೀನಿ.”

ನಮ್ಮೂರ ಕಡೆಯ ನನ್ನ ಗ್ಯಾಲಿಶಿಯನ್ ಮಾತು ಕೇಳಿ ನಕ್ಕಳು. ಹಳ್ಳಿ ಪೋರ್ಚುಗೀಸ್ ಇದ್ದ ಹಾಗಿದೆಯಂತೆ. ಮೆಟ್ಟಿಲ ಮೇಲೆ ಕೂತು ಮೂರು ಬಟ್ಟಲು ಕುಡಿದೆ, ನಾಚಿಕೆಯಿಲ್ಲದೆ.

ಜೂನ್ 12

ಸಂತ ಅಂತೋನಿಯ ಹಬ್ಬ. ಬಾಗಿಲು ಬಾಗಿಲಲ್ಲೂ ಒಲೆ, ಬೀದಿ ತುಂಬ ಬೂತಾಯಿ ಮೀನಿನ ಹೊಗೆ. ಕೂದಲೂ ಮೀನು ನಾರುತ್ತಿದೆ. ಜುಲ್ಮೀರಾ ಕೆಂಡಕ್ಕೆ ಗಾಳಿ ಹಾಕುತ್ತಾ ಹೇಳಿದಳು: “ಈ ತಿಂಗಳಿಗೆ ನನ್ನ ಮನೆ ಕರಾರು ಮುಗೀತದೆ. ಮಾಲೀಕ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ.”

“ಮನೆ ಬಿಡಿ ಅಂದ್ರೆ?”

“ನನ್ನನ್ನ ಏಳ್ಸೋಕೆ ಅವರಪ್ಪ ಬರಬೇಕು! ಮದುವೆಯಾಗಿ ಬಂದ ಮನೆ ಕಣೇ ಅದು.”

ಬೀಸಣಿಗೆಯನ್ನು ಇನ್ನಷ್ಟು ಜೋರಾಗಿ ಬೀಸಿದಳು. ದೇವರೇ, ಅವಳು ಉಳಿಯಲಿ. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ.

ಜೂನ್ 16

ಇನ್ನೂ ಇಲ್ಲೇ ಇದ್ದೇನೆ. ಊರು ಹಿಡಿಸಿತೋ, ಸೋಮಾರಿತನವೋ. ಹಾಸ್ಟೆಲ್ ನೋಡಿಕೊಳ್ಳುವ ವಾಲ್ಟರ್ ಒಳ್ಳೆಯ ಸುದ್ದಿ ತಂದ.

“ಜುಲೈಗೆ ಹೊಸ ಕೋಣೆ. ಬಾಡಿಗೆ ಈಗಿನಷ್ಟೇ. ಕಿಟಕಿಯಿಂದ ನದಿ ಕಾಣುತ್ತೆ. ನಾಲ್ಕು ಜನ ಈಗಲೇ ಹೆಸರು ಕೊಟ್ರೆ ಮಾಲೀಕರು ಕೋಣೆ ತೆರೀತಾರೆ. ಮೂರು ಜನ ಆಗಿದ್ದಾರೆ.”

“ಬರ್ಕೊಳಪ್ಪಾ!” ಎಂದೆ. ಖುಷಿಗೆ ಕಸ್ಟರ್ಡ್ ತುಂಬಿದ ಪೇಸ್ಟ್ರಿ ಎರಡು ತಿಂದೆ.

ಜೂನ್ 18, ಮಧ್ಯಾಹ್ನ

ಜುಲ್ಮೀರಾ ಮೊದಲ ಸಲ ಮನೆಯೊಳಗೆ ಕರೆದಳು. ನೆಲದ ತುಂಬ ಡಬ್ಬ, ಹಳೆಯ ಪತ್ರಿಕೆ. ಸೆತೂಬಲ್‌ನ ತಂಗಿಯ ಮನೆಗೆ ಹೋಗುತ್ತಾಳಂತೆ.

“ಮಾಲೀಕ ಕೊನೆಗೂ ಊಹೂಂ ಅಂದ. ಯಾರೋ ಪುಣ್ಯಾತ್ಮರು ನಾಲ್ಕು ಜನ ಸಿಕ್ಕಿದ್ರಂತೆ, ಈ ಮನೇನೂ ಹಾಸ್ಟೆಲ್‌ಗೆ ಸೇರಿಸ್ತಾನಂತೆ.”

ಅಡುಗೆಮನೆಯ ಕಿಟಕಿಯಲ್ಲಿ ನದಿ. ವಾಲ್ಟರ್ ಹೇಳಿದ್ದ ಅದೇ ನದಿ. ಯಾವ ಕೋಣೆ ಎಂದು ಒಂದು ಮಾತು ಕೇಳಿರಲಿಲ್ಲ ನಾನು.

“ಕಂಬದ ಹಾಗೆ ನಿಂತ್ಕೋಬೇಡ, ಆ ಲೋಟಕ್ಕೆ ಪೇಪರ್ ಸುತ್ತು. ಕೆಳಗೆ ಅವರ ಜೊತೇಲೇ ಇರ್ತೀಯಲ್ಲ, ಯಾರೇ ಆ ನಾಲ್ಕು ಜನ?”

ಒಂದು ಲೋಟ ಸುತ್ತಿದೆ. ಇನ್ನೊಂದು ಸುತ್ತಿದೆ. ಅವಳು ಕಾಯುತ್ತಿದ್ದಳು.

“ಮೂರು ಜನ ಯಾರೋ ಗೊತ್ತಿಲ್ಲ ಅಜ್ಜಿ,” ಎಂದೆ. “ನಾಲ್ಕನೆಯವಳು ನಾನೇ.”